ಸೈಕಲ್ ಚಕ್ರದ ಔಟ್ ತೆಗೆಯುವುದು, ಕಡ್ಡಿ ಬಿಗಿ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ನಮ್ಮ ಮನೆಯ ಜಗಲಿಯಲ್ಲಿ ವರ್ಷಪೂರ್ತಿ ಯಾರದ್ದಾದರೂ ಒಂದು ಸೈಕಲ್ ತಲೆಕೆಳಗಾಗಿ ನಿಂತಿರುತ್ತದೆ. ನಾನು ಮೆಕ್ಯಾನಿಕ್ ಅಲ್ಲ. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ, ಇದೊಂದು ಹುಚ್ಚು ಅಷ್ಟೆ. ಅಕ್ಕಪಕ್ಕದವರು, ಬೆಳಿಗ್ಗೆ ಒಟ್ಟಿಗೆ ಮಲ್ಪೆಗೆ ಹೋಗುವವರು, ಅವರ ಮಕ್ಕಳು ಕೇಳಿದ್ದನ್ನೇ ಕೇಳುತ್ತಾರೆ. ಹೇಳಿದ್ದನ್ನೇ ಹೇಳಿ ಬಾಯಿ ಒಣಗಿದ ಮೇಲೆ ಬರೆದಿಡೋಣ ಅನ್ನಿಸಿತು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಕಡ್ಡಿ ಅಂದರೆ ಸ್ಪೋಕ್; ನಮ್ಮಲ್ಲಿ ಎರಡೂ ನಡೆಯುತ್ತದೆ. ಕಡ್ಡಿಯ ತುದಿಯಲ್ಲಿ, ರಿಮ್ಮಿಗೆ ತಾಗಿ ಕೂತಿರುವ ಸಣ್ಣ ನಟ್ಟೇ ನಿಪ್ಪಲ್. ರಿಮ್ ಅಂದರೆ ಟಯರ್ ಕೂರುವ ಬಳೆ, ಹಬ್ ಅಂದರೆ ಕಡ್ಡಿಗಳೆಲ್ಲ ಹೊರಡುವ ಚಕ್ರದ ನಡುವಿನ ಭಾಗ.

## ಶುರುವಿನ ಪ್ರಶ್ನೆಗಳು

ಚಕ್ರ ಔಟ್ ಆಗಿದೆ ಅಂತಾರಲ್ಲ, ಎಂತ ಅದು?

ಸೈಕಲ್ ಎತ್ತಿ ಹಿಡಿದು ಚಕ್ರ ತಿರುಗಿಸಿ. ಬ್ರೇಕ್ ಶೂ ಹತ್ತಿರ ಕಣ್ಣಿಡಿ. ಶೂವಿಗೂ ರಿಮ್ಮಿಗೂ ನಡುವಿನ ಸಂದು ಒಂದೇ ಸಮ ಇದ್ದರೆ ಚಕ್ರ ಸರಿ ಇದೆ. ಸಂದು ಒಮ್ಮೆ ಹಿರಿದಾಗಿ ಒಮ್ಮೆ ಕಿರಿದಾದರೆ ಔಟ್ ಇದೆ. ಇದು ಅಡ್ಡಕ್ಕೆ ವಾಲುವ ಔಟ್. ರಿಮ್ ಮೇಲೆ ಕೆಳಗೆ ಕುಣಿದರೆ ಅದು ಬೇರೆ ಬಗೆ. ಓಡಿಸುವಾಗ ಸೀಟಿನ ಅಡಿಯಲ್ಲಿ ಯಾರೋ ತಾಳ ಹಾಕಿದ ಹಾಗೆ ಆಗುತ್ತದೆ. ಮೂರನೆಯದರಲ್ಲಿ ರಿಮ್ ನೆಟ್ಟಗೇ ತಿರುಗುತ್ತದೆ, ಆದರೆ ಫೋರ್ಕಿನ ನಡುವೆ ಇರುವುದಿಲ್ಲ, ಒಂದು ಬದಿಗೆ ಸರಿದಿರುತ್ತದೆ. ಅದಕ್ಕೆ ಸೆಂಟರ್ ಹೋಗಿದೆ ಅನ್ನುತ್ತಾರೆ. ನನ್ನ ಜಗಲಿಗೆ ಬರುವುದು ಹೆಚ್ಚಾಗಿ ಮೊದಲನೆಯದು.

ಕಡ್ಡಿ ಅಷ್ಟು ತೆಳ್ಳಗೆ ಉಂಟು. ಅದು ನನ್ನ ಭಾರ ಹೇಗೆ ತಡೀತದೆ?

ಎತ್ತಿನ ಗಾಡಿಯ ಚಕ್ರದಲ್ಲಿ ಮರದ ಕಡ್ಡಿ ಕಂಬದ ಹಾಗೆ ಕೆಳಗಿನಿಂದ ಭಾರ ಹೊರುತ್ತದೆ. ಸೈಕಲ್ಲಿನ ಕಡ್ಡಿ 2 ಮಿ.ಮೀ. ದಪ್ಪದ ತಂತಿ. ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿದರೆ ಬಾಗಿಯೇ ಬಾಗುತ್ತದೆ. ಎಳೆದರೆ ಮಾತ್ರ ಅದಕ್ಕೆ ಶಕ್ತಿ. ಅದಕ್ಕೇ ಎಲ್ಲ ಕಡ್ಡಿಗಳನ್ನೂ ಮೊದಲೇ ಜೋರಾಗಿ ಎಳೆದು ಕಟ್ಟಿರುತ್ತಾರೆ. ನೀವು ಕೂತಾಗ ನೆಲದ ಹತ್ತಿರ ಇರುವ ನಾಲ್ಕೈದು ಕಡ್ಡಿಗಳ ಬಿಗಿ ಸ್ವಲ್ಪ ಇಳಿಯುತ್ತದೆ. ಚಕ್ರ ಮುಂದೆ ಉರುಳಿದರೆ ಅವುಗಳ ಬಿಗಿ ಮತ್ತೆ ಏರುತ್ತದೆ, ಮುಂದಿನವುಗಳದ್ದು ಇಳಿಯುತ್ತದೆ. ಬಿಗಿ ಪೂರ್ತಿ ಸೊನ್ನೆಗೆ ಇಳಿಯದ ಹಾಗೆ ನೋಡಿಕೊಂಡರೆ ಚಕ್ರ ಗಟ್ಟಿ. ಮುಂದೆ ಬರುವ ಅರ್ಧ ಉತ್ತರಗಳು ಈ ಒಂದು ಮಾತಿನ ಮೇಲೇ ನಿಂತಿವೆ.

ಕಡ್ಡಿಗಳು ಯಾಕೆ ಒಂದನ್ನೊಂದು ದಾಟಿ ಹೋಗ್ತವೆ? ನೆಟ್ಟಗೆ ಹಾಕಿದ್ರೆ ಆಗ್ತಿರ್ಲಿಲ್ವಾ?

ಮುಂದಿನ ಚಕ್ರಕ್ಕೆ ಕೆಲವು ಸಲ ನೆಟ್ಟಗೆ ಹಾಕುವುದೂ ಉಂಟು. ಹಿಂದಿನದಕ್ಕೆ ಆಗುವುದಿಲ್ಲ. ಪೆಡಲ್ ತುಳಿದಾಗ ಚೈನ್ ಹಬ್ಬನ್ನು ತಿರುಚುತ್ತದೆ. ಆ ತಿರುಚು ರಿಮ್ಮಿಗೆ ಮುಟ್ಟಬೇಕಾದರೆ ಕಡ್ಡಿ ಹಬ್ಬಿನ ಅಂಚಿನಿಂದ ಓರೆಯಾಗಿ ಹೊರಡಬೇಕು. ಡಿಸ್ಕ್ ಬ್ರೇಕ್ ಇದ್ದರೆ ಮುಂದಿನ ಚಕ್ರಕ್ಕೂ ಇದೇ ಲೆಕ್ಕ. ಇಂಗ್ಲೆಂಡಿನ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಹೀಗೆ ಓರೆಯಾಗಿ ಕಡ್ಡಿ ಕಟ್ಟುವುದಕ್ಕೆ ಪೇಟೆಂಟ್ ತೆಗೆದುಕೊಂಡ. ಇಂದಿಗೂ ಅದೇ ಕಟ್ಟುವ ಕ್ರಮ.

ಹೊಸ ಸೈಕಲ್. ಎಲ್ಲೂ ಬೀಳ್ಲಿಲ್ಲ, ಗುದ್ಲಿಲ್ಲ. ಮತ್ತೆ ಹೇಗೆ ಔಟ್ ಆಯ್ತು?

ಹೊಸದಾದ್ದರಿಂದಲೇ ಆಯ್ತು. ಕಡ್ಡಿಯ ಬಾಗಿದ ತಲೆ ಹಬ್ಬಿನ ತೂತಿನಲ್ಲಿ, ನಿಪ್ಪಲ್ ರಿಮ್ಮಿನ ತೂತಿನಲ್ಲಿ ಸರಿಯಾಗಿ ಕೂರಲು ಸ್ವಲ್ಪ ದಿನ ಬೇಕು. ಕೂತಾಗ ಒಂದೊಂದು ಕಡ್ಡಿ ಕೂದಲೆಳೆಯಷ್ಟು ಸಡಿಲವಾಗುತ್ತದೆ. ಹೊಸ ಮಂಚ ಒಂದು ತಿಂಗಳಲ್ಲಿ ಕಿರ್ ಅನ್ನುವುದಿಲ್ವಾ, ಹಾಗೆ. ಮೊದಲ ತಿಂಗಳು ಕಳೆದ ಮೇಲೆ ಒಮ್ಮೆ ಸರಿ ಮಾಡಿದರೆ ಆಮೇಲೆ ತುಂಬಾ ದಿನ ತಂಟೆ ಇಲ್ಲ.

ಎಷ್ಟು ಔಟ್ ಇದ್ರೆ ಪರವಾಗಿಲ್ಲ?

ರಿಮ್ ಹಿಡಿಯುವ ಬ್ರೇಕ್ ಇದ್ದರೆ 1 ಮಿ.ಮೀ. ಒಳಗೆ ಇರಲಿ. ಡಿಸ್ಕ್ ಬ್ರೇಕ್ ಇದ್ದರೆ 2 ಮಿ.ಮೀ. ಇದ್ದರೂ ಓಡಿಸುವವರಿಗೆ ಗೊತ್ತಾಗುವುದಿಲ್ಲ. ಹಳೇ ಸ್ಟೀಲ್ ರಿಮ್ಮಿನ ಸೈಕಲ್ಲಿಗೆ ಬ್ರೇಕ್ ತಾಗದಿದ್ದರೆ ಸಾಕು. ಅರ್ಧ ಮಿ.ಮೀ. ಔಟನ್ನು ಸೊನ್ನೆ ಮಾಡಲು ಹೋಗಿ ಕಡ್ಡಿಗಳ ಬಿಗಿ ಏರುಪೇರು ಮಾಡಿಟ್ಟವರನ್ನು ನೋಡಿದ್ದೇನೆ. ಕನ್ನಡಿಯ ಹಾಗೆ ನೆಟ್ಟಗಿದ್ದು ಬಿಗಿ ಏರುಪೇರಾದ ಚಕ್ರಕ್ಕಿಂತ, ಸ್ವಲ್ಪ ವಾಲಿ ಬಿಗಿ ಸಮ ಇರುವ ಚಕ್ರ ಜಾಸ್ತಿ ಬಾಳುತ್ತದೆ.

## ಸಾಮಾನು

ಇದಕ್ಕೆ ಎಂತೆಲ್ಲ ಬೇಕು? ಸ್ಟ್ಯಾಂಡ್ ತಗೊಳ್ಬೇಕಾ?

ಸ್ಟ್ಯಾಂಡ್ ಬೇಡ. ಸೈಕಲ್ಲನ್ನು ಹ್ಯಾಂಡಲ್ ಮತ್ತು ಸೀಟಿನ ಮೇಲೆ ತಲೆಕೆಳಗು ಮಾಡಿ ನಿಲ್ಲಿಸಿ, ಅಡಿಗೆ ಒಂದು ಗೋಣಿ ಹಾಸಿ. ದುಡ್ಡು ಕೊಟ್ಟು ತರಬೇಕಾದ್ದು ಸ್ಪೋಕ್ ಕೀ ಒಂದೇ. ಉಳಿದದ್ದು ಮನೆಯಲ್ಲೇ ಇದೆ: ಹೊಲಿಗೆ ಮಷಿನ್ ಎಣ್ಣೆ, ಚಾಕ್ ತುಂಡು, ಎರಡು ರಬ್ಬರ್ ಬ್ಯಾಂಡ್, ಹಿಡಿಸೂಡಿಯ (ಪೊರಕೆಯ) ಒಂದು ಕಡ್ಡಿ.

ಹಿಡಿಸೂಡಿ ಕಡ್ಡಿ ತಮಾಷೆಗೆ ಹೇಳಿದ್ದಲ್ಲ. ಅದನ್ನು ಫೋರ್ಕಿಗೆ ಅಡ್ಡಲಾಗಿ ರಬ್ಬರ್ ಬ್ಯಾಂಡ್ ಸುತ್ತಿ ಕಟ್ಟಿ, ತುದಿ ರಿಮ್ಮಿನ ಬದಿಗೆ ಇನ್ನೇನು ತಾಗಬೇಕು ಅನ್ನುವಷ್ಟು ಹತ್ತಿರ ತನ್ನಿ. ಚಕ್ರ ನಿಧಾನ ತಿರುಗಿಸಿ. ರಿಮ್ ಆ ಬದಿಗೆ ವಾಲಿದ ಜಾಗದಲ್ಲಿ ಟಿಕ್ ಅನ್ನುತ್ತದೆ. ಕಣ್ಣಿಗೆ ಕಾಣದ ಔಟ್ ಕಿವಿಗೆ ಕೇಳುತ್ತದೆ. ಬ್ರೇಕ್ ಶೂ ನೋಡಿಕೊಂಡೂ ಮಾಡಬಹುದು, ಆದರೆ ಅದು ದಪ್ಪ. ವಾಲುವುದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಇಷ್ಟು ಚೊಕ್ಕವಾಗಿ ಹೇಳುವುದಿಲ್ಲ.

ಸ್ಪೋಕ್ ಕೀ ಯಾವ ಸೈಜಿನದ್ದು? ಪ್ಲೈಯರಲ್ಲಿ ತಿರುಗಿಸಿದ್ರೆ ಆಗುದಿಲ್ವಾ?

ಪ್ಲೈಯರ್ ಬೇಡವೇ ಬೇಡ. ನಿಪ್ಪಲ್ಲಿನ ಚೌಕ ಮೂಲೆ ಒಮ್ಮೆ ಸವೆದು ದುಂಡಗಾಯಿತೋ, ಆಮೇಲೆ ಯಾವ ಕೀಯೂ ಹಿಡಿಯುವುದಿಲ್ಲ. ಗೇರ್ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವ ನಿಪ್ಪಲ್ ಅಳತೆಗಳು 3.23 ಮಿ.ಮೀ., 3.3 ಮಿ.ಮೀ. ಮತ್ತು 3.45 ಮಿ.ಮೀ. ಹಳೇ ಸೈಕಲ್ಲುಗಳದ್ದು ಇನ್ನೂ ದೊಡ್ಡದಿರಬಹುದು. ಸುತ್ತ ಏಳೆಂಟು ಗಾಡಿ, ಅಂದರೆ ನಿಪ್ಪಲ್ ಕೂರುವ ಕಚ್ಚು, ಇರುವ ದುಂಡು ಕೀ ಎಲ್ಲದಕ್ಕೂ ಆಗುತ್ತದೆ ಅನ್ನುತ್ತಾರೆ, ನಿಜ. ಆದರೆ ಪ್ರತಿ ಸಲ ಬೇರೆ ಗಾಡಿಗೆ ಹಾಕಿ ಮೋಸ ಹೋಗುತ್ತೀರಿ. ಸರಿಯಾದ ಗಾಡಿಗೆ ನೈಲ್ ಪಾಲಿಶ್‌ನ ಒಂದು ಚುಕ್ಕೆ ಇಟ್ಟುಬಿಡಿ. ಅಂಗಡಿಗೆ ಹೋಗುವಾಗ ಸೈಕಲ್ ತೆಗೆದುಕೊಂಡೇ ಹೋಗಿ, ಹಾಕಿ ನೋಡಿ. ಅಲುಗಾಡದೆ ಕೂರುವುದರಲ್ಲಿ ಅತಿ ಚಿಕ್ಕದು ಯಾವುದೋ ಅದೇ ನಿಮ್ಮದು.

ಟಯರ್ ಬಿಚ್ಬೇಕಾ?

ಅಲ್ಲಲ್ಲಿ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುವುದಕ್ಕೆ ಬೇಡ. ಒಂದೇ ಕಡ್ಡಿಯನ್ನು ಎರಡು ಸುತ್ತಿಗಿಂತ ಜಾಸ್ತಿ ಬಿಗಿ ಮಾಡಬೇಕಾಗಿ ಬಂದರೆ ಟಯರ್, ಟ್ಯೂಬ್, ರಿಮ್ ಟೇಪ್ ತೆಗೆದು ನೋಡಿ. ಒಂಟಿ ಗೋಡೆಯ, ಅಂದರೆ ಒಂದೇ ಪದರದ, ರಿಮ್ಮಿನಲ್ಲಿ ಕಡ್ಡಿಯ ತುದಿ ನಿಪ್ಪಲ್ಲಿನಿಂದ ಹೊರಗೆ ಬಂದು ಟ್ಯೂಬಿಗೆ ಚುಚ್ಚುತ್ತದೆ. ರಾತ್ರಿ ಸರಿ ಇದ್ದ ಚಕ್ರ ಬೆಳಿಗ್ಗೆ ಪಂಕ್ಚರ್ ಆಗಿರುವುದಕ್ಕೆ ಇದೊಂದು ಕಾರಣ.

## ಕೈ ಹಾಕುವಾಗ

ಎಲ್ಲಿಂದ ಶುರು ಮಾಡುದು?

ಕಡ್ಡಿ ಮುಟ್ಟುವ ಮೊದಲು ಆಕ್ಸಲ್ ನೋಡಿ. ರಿಮ್ ಹಿಡಿದು ಅಡ್ಡಕ್ಕೆ ಅಲುಗಿಸಿ. ಟಕ್ ಟಕ್ ಅಂದರೆ ಕೋನ್, ಅಂದರೆ ಆಕ್ಸಲಿನ ಮೇಲೆ ಬೇರಿಂಗ್ ಒತ್ತಿ ಹಿಡಿಯುವ ನಟ್ಟು, ಸಡಿಲ ಇದೆ. ಅದನ್ನು ಮೊದಲು ಸರಿ ಮಾಡದೆ ಔಟ್ ತೆಗೆಯಲು ಕೂತರೆ ಸಂಜೆಯಾದರೂ ಮುಗಿಯುವುದಿಲ್ಲ. ಟಯರ್ ಒಂದು ಕಡೆ ಸರಿಯಾಗಿ ಕೂರದೆ ಉಬ್ಬಿದ್ದರೂ ಚಕ್ರ ಕುಣಿದ ಹಾಗೆ ಕಾಣುತ್ತದೆ, ಹಾಗಾಗಿ ಟಯರ್ ನೋಡಬೇಡಿ, ರಿಮ್ ನೋಡಿ. ಆಮೇಲೆ ಗಾಳಿಕಂಡಿಯಿಂದ ಶುರು ಮಾಡಿ ಒಂದೊಂದೇ ಕಡ್ಡಿಯನ್ನು ಬೆರಳಲ್ಲಿ ಮುಟ್ಟುತ್ತಾ ಒಂದು ಸುತ್ತು ಬನ್ನಿ. ತುಂಡಾದದ್ದು, ಲೊಡಲೊಡ ಅನ್ನುವಂಥದ್ದು ಸಿಕ್ಕಿದರೆ ಔಟ್ ಎಲ್ಲಿಂದ ಬಂತು ಅಂತ ಅಲ್ಲೇ ಗೊತ್ತಾಯಿತು.

ಟೈಟ್ ಮಾಡ್ಲಿಕ್ಕೆ ಯಾವ ಕಡೆ ತಿರುಗಿಸ್ಬೇಕು? ನಾನು ತಿರುಗಿಸಿದಷ್ಟೂ ಹಾಳಾಗ್ತಾ ಉಂಟು.

ಎಲ್ಲರೂ ಎಡವುವುದು ಇಲ್ಲೇ. ಎಣ್ಣೆ ಬಾಟಲಿ ನೆನಪು ಮಾಡಿಕೊಳ್ಳಿ. ನಿಪ್ಪಲ್ ಮುಚ್ಚಳ, ಕಡ್ಡಿ ಬಾಟಲಿ. ಮುಚ್ಚಳದ ತಲೆ ಟಯರ್ ಕಡೆಗಿದೆ. ಟಯರ್ ಕಡೆಯಿಂದ ಹಬ್ ಕಡೆಗೆ ನೋಡುತ್ತಾ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಗಿ, ಎದುರು ತಿರುಗಿಸಿದರೆ ಸಡಿಲ. ಚಕ್ರದ ಮೇಲ್ತುದಿಯಲ್ಲಿರುವ ನಿಪ್ಪಲ್ಲಿಗೆ ಮೇಲಿನಿಂದ ಬಗ್ಗಿ ನೋಡಿದರೆ ಇದು ಸರಿಯಾಗಿ ಕಾಣುತ್ತದೆ. ಅದೇ ನಿಪ್ಪಲ್ ಕೆಳಗೆ ಬಂದಾಗ ನೀವು ಹಬ್ ಕಡೆಯಿಂದ ನೋಡುತ್ತಿರುತ್ತೀರಿ, ಆಗ ಎಲ್ಲ ತಿರುಗುಮುರುಗು. ಅದಕ್ಕೆ ನನ್ನದೊಂದು ನಿಯಮ: ಯಾವ ಕಡ್ಡಿ ತಿರುಗಿಸಬೇಕಾದರೂ ಅದನ್ನು ಮೇಲಕ್ಕೆ ತಂದುಕೊಂಡೇ ತಿರುಗಿಸುವುದು.

ರಿಮ್ ಒಂದು ಕಡೆ ವಾಲ್ತಾ ಉಂಟು. ಯಾವ ಕಡ್ಡಿ, ಎಷ್ಟು ತಿರುಗಿಸುದು?

ಎಡ ಬಲ ಮರೆತುಬಿಡಿ, ತಲೆಕೆಳಗಾದ ಸೈಕಲ್ಲಿನಲ್ಲಿ ಅದು ಗೊಂದಲವೇ. ಹಿಡಿಸೂಡಿ ಕಡ್ಡಿ ಇರುವ ಕಡೆಗೆ ಈಚೆ, ಎದುರಿನದಕ್ಕೆ ಆಚೆ ಅನ್ನೋಣ. ರಿಮ್ಮಿನಲ್ಲಿ ಕಡ್ಡಿಗಳು ಒಂದು ಬಿಟ್ಟು ಒಂದು ಹಬ್ಬಿನ ಈಚೆ ಅಂಚಿಗೆ, ಆಚೆ ಅಂಚಿಗೆ ಹೋಗುತ್ತವೆ. ಈಚೆ ಹೋಗುವುದು ರಿಮ್ಮನ್ನು ಈಚೆಗೆ ಎಳೆಯುತ್ತದೆ, ಆಚೆಯದು ಆಚೆಗೆ. ಹಗ್ಗ ಜಗ್ಗಾಟದ ಹಾಗೆ.

ಮೊನ್ನೆ ಪಕ್ಕದ ಮನೆ ಹುಡುಗನ ಸೈಕಲ್ಲಿನಲ್ಲಿ ಮಾಡಿದ್ದನ್ನೇ ಹೇಳುತ್ತೇನೆ. ಚಕ್ರ ತಿರುಗಿಸಿದಾಗ ಒಂದು ಜಾಗದಲ್ಲಿ ಟಿಕ್ಕ್ ಅಂತ ಎಳೆದ ಶಬ್ದ. ಅದು ಶುರುವಾಗುವಲ್ಲಿ ಒಂದು ಚಾಕ್ ಗುರುತು, ಮುಗಿಯುವಲ್ಲಿ ಇನ್ನೊಂದು. ನಡುವೆ ಐದು ಕಡ್ಡಿ. ಸರೀ ಮಧ್ಯದ್ದು ಆಚೆ ಹೋಗುವ ಕಡ್ಡಿ. ಅದನ್ನು ಕಾಲು ಸುತ್ತು ಬಿಗಿ ಮಾಡಿದೆ. ಅದರ ಎರಡೂ ಮಗ್ಗುಲಲ್ಲಿ ಈಚೆ ಬರುವ ಎರಡು ಕಡ್ಡಿ ಇವೆಯಲ್ಲ, ಒಂದೊಂದನ್ನು ಅರೆಕಾಲು ಸುತ್ತು ಸಡಿಲ ಮಾಡಿದೆ. ಲೆಕ್ಕ ನೋಡಿ: ಕಾಲು ಕೂಡಿಸಿದೆ, ಎರಡು ಅರೆಕಾಲು ಕಳೆದೆ. ರಿಮ್ ಪಕ್ಕಕ್ಕೆ ಸರಿಯಿತು, ಒಟ್ಟು ಎಳೆತ ಅಷ್ಟೇ ಉಳಿಯಿತು. ಮತ್ತೆ ತಿರುಗಿಸಿದರೆ ಶಬ್ದ ಚಿಕ್ಕದಾಗಿದೆ. ಇನ್ನೊಮ್ಮೆ ಅಷ್ಟೇ ಮಾಡಿದೆ. ಶಬ್ದ ಹೋಯಿತು. ಹಿಡಿಸೂಡಿ ಕಡ್ಡಿಯನ್ನು ಮತ್ತೊಂದು ಕೂದಲು ಹತ್ತಿರ ತಂದು ಮುಂದಿನ ಜಾಗ ಹುಡುಕಿದೆ.

ಮಧ್ಯದಲ್ಲಿ ಈಚೆ ಬರುವ ಕಡ್ಡಿ ಸಿಕ್ಕಿದರೆ ಉಲ್ಟಾ: ಅದನ್ನು ಕಾಲು ಸುತ್ತು ಸಡಿಲ, ಮಗ್ಗುಲಿನ ಎರಡನ್ನು ಅರೆಕಾಲು ಬಿಗಿ.

ಕಾಲು ಸುತ್ತು ಯಾಕೆ ಅಂದರೆ, ಸಾಮಾನ್ಯ ಕಡ್ಡಿಯಲ್ಲಿ ಇಂಚಿಗೆ 56 ಮರೆ (ಥ್ರೆಡ್) ಇರುತ್ತದೆ. ಒಂದು ಪೂರ್ತಿ ಸುತ್ತಿಗೆ ಸುಮಾರು 0.45 ಮಿ.ಮೀ. ಕಡ್ಡಿಗೆ ಅದು ತುಂಬಾ ದೊಡ್ಡ ಬದಲಾವಣೆ. ಅತಿ ದೊಡ್ಡ ಔಟ್ ಮೊದಲು ಹಿಡಿಯಿರಿ, ಅರ್ಧಕ್ಕೆ ತಂದು ಬಿಡಿ, ಆಮೇಲೆ ಈಗ ಯಾವುದು ದೊಡ್ಡದೋ ಅದು. ಒಂದೇ ಜಾಗವನ್ನು ಪೂರ್ತಿ ನೆಟ್ಟಗೆ ಮಾಡಿಯೇ ಮುಂದೆ ಹೋಗುತ್ತೇನೆ ಅಂದರೆ ಪಕ್ಕದಲ್ಲಿ ಹೊಸ ಔಟ್ ಹುಟ್ಟುತ್ತದೆ.

ಟೈಟ್ ಮಾಡ್ತಾ ಮಾಡ್ತಾ ಹೋದೆ. ಈಗ ಮೊದಲಿಗಿಂತ ಹಾಳಾಗಿದೆ ಮಾರಾಯ್ರೆ. ಎಂತ ಮಾಡುದು?

ಇದು ನನ್ನದೇ ಕತೆ. ಮೊದಲ ಸಲ ಕೀ ಕೈಗೆ ಬಂದಾಗ ಸಡಿಲ ಮಾಡುವುದೂ ಒಂದು ಕೆಲಸ ಅಂತ ನನಗೆ ಗೊತ್ತೇ ಇರಲಿಲ್ಲ. ಈಚೆ ವಾಲಿದರೆ ಆಚೆ ಬಿಗಿ, ಆಚೆ ವಾಲಿದರೆ ಈಚೆ ಬಿಗಿ. ಎರಡು ಗಂಟೆ ಹೀಗೆ. ಕೀ ತಿರುಗುವುದೇ ಕಷ್ಟವಾಯಿತು, ನಾನು ಗೆಲ್ಲುತ್ತಿದ್ದೇನೆ ಅಂದುಕೊಂಡೆ. ಕೊನೆಗೆ ಟಪ್ ಅಂತ ಒಂದು ಶಬ್ದ. ರಿಮ್ ಎಣ್ಣೆಗೆ ಬಿಟ್ಟ ಹಲಸಿನ ಹಪ್ಪಳದ ಹಾಗೆ ಎರಡು ಕಡೆ ಮೇಲೆ, ಎರಡು ಕಡೆ ಕೆಳಗೆ ಬಾಗಿ ನಿಂತಿತು. ಅಮ್ಮ ಒಳಗಿನಿಂದ "ಎಂತ ಒಡೆದದ್ದು?" ಅಂತ ಕೇಳಿದರು. ನಾನು ಸುಮ್ನಿದ್ದೆ.

ಆದದ್ದು ಇಷ್ಟೆ: ಎಲ್ಲ ಕಡ್ಡಿಗಳೂ ಸೇರಿ ರಿಮ್ಮನ್ನು ಒಳಕ್ಕೆ ಹಿಂಡುತ್ತವೆ. ರಿಮ್ ತಡೆಯುವಷ್ಟು ತಡೆದು, ಆಮೇಲೆ ಬಾಗಿ ತಪ್ಪಿಸಿಕೊಳ್ಳುತ್ತದೆ. ನಿಮ್ಮದು ಹಾಗಾಗಿದ್ದರೆ ಹೆದರಬೇಡಿ. ಗಾಳಿಕಂಡಿಯಿಂದ ಶುರು ಮಾಡಿ ಎಲ್ಲ ಕಡ್ಡಿಗಳನ್ನೂ ಅರ್ಧ ಸುತ್ತು ಸಡಿಲ ಮಾಡಿ, ಬೇಕಾದರೆ ಇನ್ನೊಂದು ಅರ್ಧ. ಲೋಹ ಪೂರ್ತಿ ಬಾಗಿರದಿದ್ದರೆ ರಿಮ್ ತಾನಾಗಿ ನೆಟ್ಟಗಾಗುತ್ತದೆ. ಆಮೇಲೆ ಮೊದಲಿನಿಂದ, ಸಮಾಧಾನದಲ್ಲಿ. ಆವತ್ತಿನಿಂದ ನನ್ನ ರೂಢಿ, ಯಾವ ಜಾಗಕ್ಕೆ ಹೋದರೂ ಮೊದಲ ಪ್ರಶ್ನೆ ಇಲ್ಲಿ ಸಡಿಲ ಮಾಡಬಹುದಾದ್ದು ಯಾವುದು ಅಂತ.

ಅಡ್ಡ ಸರಿ ಉಂಟು. ಆದ್ರೆ ಮೇಲೆ ಕೆಳಗೆ ಕುಣೀತದೆ.

ಹಿಡಿಸೂಡಿ ಕಡ್ಡಿಯನ್ನು ಈಗ ರಿಮ್ಮಿನ ಹೊರ ಅಂಚಿನ ನೇರಕ್ಕೆ ಕಟ್ಟಿ. ಇದಕ್ಕೆ ಟಯರ್ ಬಿಚ್ಚುವುದೇ ಒಳ್ಳೆಯದು. ರಿಮ್ ಉಬ್ಬಿದ ಜಾಗದಲ್ಲಿ ಈಚೆಯದೊಂದು ಆಚೆಯದೊಂದು ಜೋಡಿ ಹಿಡಿದು ಎರಡನ್ನೂ ಸಮಸಮ ಅರ್ಧ ಸುತ್ತು ಬಿಗಿ ಮಾಡಿ. ತಗ್ಗಿದ ಜಾಗದಲ್ಲಿ ಜೋಡಿಯಾಗಿ ಸಡಿಲ. ಅಡ್ಡ ಮತ್ತೆ ಸ್ವಲ್ಪ ತಪ್ಪುತ್ತದೆ. ಒಮ್ಮೆ ಅದು, ಒಮ್ಮೆ ಇದು ಅಂತ ಎರಡು ಮೂರು ಸುತ್ತು ಮಾಡಬೇಕು. ಹೆದ್ದಾರಿ 66ರ ಗುಂಡಿಗೆ ಇಳಿದು ರಿಮ್ಮೇ ನಜ್ಜಿದ್ದರೆ ಮಾತ್ರ ಕಡ್ಡಿಯಿಂದ ಸರಿ ಹೋಗುವುದಿಲ್ಲ. ಅಲ್ಲಿ ಕಡ್ಡಿಗಳು ಆಗಲೇ ಸಡಿಲ ಇರುತ್ತವೆ. ಇನ್ನೂ ಸಡಿಲ ಮಾಡಿದರೆ ಅವು ಕೆಲಸಕ್ಕೇ ಇಲ್ಲ.

ನಿಪ್ಪಲ್ ತಿರುಗುದೇ ಇಲ್ಲ. ತುಕ್ಕು ಹಿಡ್ದಿದೆ.

ಕರಾವಳಿಯಲ್ಲಿ ಇದ್ದು ಈ ಪ್ರಶ್ನೆ ಬರದಿದ್ದರೆ ಆಶ್ಚರ್ಯ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಉಳಿದ ದಿನ ಉಪ್ಪುಗಾಳಿ. ಬೆಂಗಳೂರಲ್ಲಿ ಐದು ವರ್ಷ ಬಾಳುವ ಕಡ್ಡಿ ನಮ್ಮಲ್ಲಿ ಎರಡು ಮಳೆಗಾಲಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ.

ನಿಪ್ಪಲ್ ಹಿಡಿದಿರುವುದು ಎರಡು ಕಡೆ: ಕಡ್ಡಿ ಒಳಗೆ ಹೋಗುವಲ್ಲಿ, ರಿಮ್ಮಿನ ತೂತಿಗೆ ತಾಗುವಲ್ಲಿ. ಎರಡು ಕಡೆಗೂ ಒಂದೊಂದು ಹನಿ ತೆಳು ಎಣ್ಣೆ ಬಿಡಿ. ತುಕ್ಕು ಬಿಡಿಸುವ ಸ್ಪ್ರೇ ಇದ್ದರೆ ಇನ್ನೂ ಒಳ್ಳೆಯದು. ಚಕ್ರ ಮಲಗಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮೊದಲು ಸಡಿಲ ಮಾಡುವ ಕಡೆಗೆ ಒಂದು ಚೂರು, ಆಮೇಲೆ ಬಿಗಿ ಕಡೆಗೆ ಒಂದು ಚೂರು, ಹೀಗೆ ಆಚೆ ಈಚೆ ಮಾಡಿ ಎಬ್ಬಿಸಿ. ಟಿಕ್ ಅಂತ ಬಿಟ್ಟುಕೊಟ್ಟರೆ ಗೆದ್ದಿರಿ. ಆಗಲೂ ಬಿಡದಿದ್ದರೆ ಜೋರು ಮಾಡಬೇಡಿ, ಕಡ್ಡಿಯೇ ಮುರಿಯುತ್ತದೆ. ಆ ಒಂದನ್ನು ಕತ್ತರಿಸಿ ಹೊಸದು ಹಾಕುವುದು ವಾಸಿ.

ತೆಂಗಿನೆಣ್ಣೆ ಆಗುತ್ತದಾ ಅಂತ ಕೇಳುತ್ತಾರೆ. ನಮ್ಮ ಊರಲ್ಲಿ ಅದು ಎಲ್ಲದಕ್ಕೂ ಮದ್ದಲ್ವಾ. ಆ ದಿನದ ಮಟ್ಟಿಗೆ ಆಗುತ್ತದೆ, ಆದರೆ ದಿನ ಕಳೆದ ಹಾಗೆ ಅಂಟಾಗಿ ಧೂಳು ಹಿಡಿಯುತ್ತದೆ. ಯಾವ ಎಣ್ಣೆ ಬಿಟ್ಟರೂ ರಿಮ್ಮಿನ ಬದಿ ಚೆನ್ನಾಗಿ ಒರೆಸಿ, ಇಲ್ಲದಿದ್ದರೆ ಬ್ರೇಕ್ ಹಿಡಿಯುವುದಿಲ್ಲ.

ಹೊಸ ಕಡ್ಡಿ ಹಾಕುವಾಗ ತುಕ್ಕು ಹಿಡಿಯದ್ದು ಯಾವುದು?

ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿ, ಹಿತ್ತಾಳೆ ನಿಪ್ಪಲ್. ಅಯಸ್ಕಾಂತ ಹಿಡಿದು ನೋಡಿ: ಸತುವಿನ ಲೇಪದ ಸಾದಾ ಕಡ್ಡಿ ಟಪ್ಪಂತ ಅಂಟುತ್ತದೆ, ಸ್ಟೇನ್‌ಲೆಸ್ ಮನಸ್ಸಿಲ್ಲದ ಮನಸ್ಸಿನಿಂದ ಸ್ವಲ್ಪ ಎಳೆಯುತ್ತದೆ. ಅಲ್ಯೂಮಿನಿಯಂ ನಿಪ್ಪಲ್ ಹಗುರ, ಬಣ್ಣ ಬಣ್ಣದ್ದು, ನೋಡಲು ಚಂದ. ಉಪ್ಪುನೀರಿಗೆ ಮಾತ್ರ ಅದು ಬೇಗ ಬಿಳಿ ಪುಡಿ ಬಿಟ್ಟು ತಲೆ ಕಳಚಿಕೊಳ್ಳುತ್ತದೆ. ಮಲ್ಪೆ, ಪಣಂಬೂರಿನ ಮರಳ ಮೇಲೆ ಓಡಿಸುವ ಆಸೆ ಇದ್ದವರು ಮನೆಗೆ ಬಂದ ಕೂಡಲೇ ಸಿಹಿನೀರು ಹೊಯ್ದು ಒರೆಸಿಡಿ.

ಕೀ ತಿರುಗಿಸಿದ್ರೆ ನಿಪ್ಪಲ್ ಜೊತೆ ಕಡ್ಡಿಯೂ ತಿರುಗ್ತದೆ.

ಕಡ್ಡಿ ತಿರುಚಿಕೊಳ್ಳುತ್ತಿದೆ. ನೀವು ಬಿಗಿ ಮಾಡಿದ್ದು ನಿಜವಾದ ಬಿಗಿ ಅಲ್ಲ. ರಸ್ತೆಗೆ ಇಳಿದಾಗ ಅದು ಬಿಚ್ಚಿಕೊಂಡು ಔಟ್ ವಾಪಸ್ ಬರುತ್ತದೆ. ಕಡ್ಡಿಗೆ ಸ್ಕೆಚ್ ಪೆನ್ನಿನಲ್ಲಿ ಒಂದು ಗೆರೆ ಎಳೆದರೆ ತಿರುಗುವುದು ಕಾಣುತ್ತದೆ. ಕಾಲು ಸುತ್ತು ಬೇಕಿದ್ದರೆ ಅದಕ್ಕಿಂತ ಸ್ವಲ್ಪ ಜಾಸ್ತಿ ತಿರುಗಿಸಿ, ಆ ಜಾಸ್ತಿಯಷ್ಟನ್ನು ಹಿಂದೆ ತನ್ನಿ. ಗೆರೆ ತನ್ನ ಜಾಗಕ್ಕೆ ಬಂದು ನಿಲ್ಲಬೇಕು.

## ಬಿಗಿಯ ವಿಚಾರ

ಎಷ್ಟು ಬಿಗಿ ಇರ್ಬೇಕು? ಮೀಟರ್ ಇಲ್ದೆ ಹೇಗೆ ಗೊತ್ತಾಗುದು?

ಈಗಿನ ಅಲಾಯ್ ರಿಮ್ಮುಗಳಿಗೆ ಸಾಮಾನ್ಯವಾಗಿ ಒಂದೊಂದು ಕಡ್ಡಿಗೆ 100ರಿಂದ 120 ಕೆ.ಜಿ. ಎಳೆತ. ಅಂದರೆ ಎರಡು ಮೂಟೆ ಅಕ್ಕಿ ಒಂದು ತಂತಿಯಲ್ಲಿ ನೇತಾಡಿಸಿದ ಹಾಗೆ. ಹಿಂದಿನ ಚಕ್ರದಲ್ಲಿ ಈ ಲೆಕ್ಕ ಫ್ರೀವೀಲ್, ಅಂದರೆ ಚೈನ್ ಕೂರುವ ಹಲ್ಲುಚಕ್ರ, ಇರುವ ಕಡೆಗೆ. ಸ್ಟೀಲ್ ರಿಮ್ಮಿಗೆ ಇದಕ್ಕಿಂತ ಕಡಿಮೆ ಸಾಕು. ರಿಮ್ ಮಾಡಿದವರು ಮಿತಿ ಬರೆದಿದ್ದರೆ ಅದೇ ಕೊನೆಯ ಮಾತು.

ಮೀಟರ್ ಇಲ್ಲದವರಿಗೆ ಕಿವಿ ಇದೆ. ಮದ್ದಳೆಗೆ ಶ್ರುತಿ ಕೂಡಿಸುವವರು ಸುತ್ತಲೂ ತಟ್ಟಿ ತಟ್ಟಿ ಕೇಳುತ್ತಾರಲ್ಲ, ಅದೇ ಕೆಲಸ. ರಿಮ್ಮಿನಿಂದ ಒಂದು ಗೇಣು ಒಳಗೆ, ಎಲ್ಲ ಕಡ್ಡಿಯನ್ನೂ ಒಂದೇ ಅಂತರದಲ್ಲಿ, ಉಗುರಲ್ಲಿ ಮೀಟಿ. ಒಂದು ಕಡೆಯವನ್ನು ಮಾತ್ರ ಮೀಟುತ್ತಾ ಒಂದು ಸುತ್ತು ಬನ್ನಿ, ಆಮೇಲೆ ಇನ್ನೊಂದು ಕಡೆ. ಟಿಣ್, ಟಿಣ್, ಟಿಣ್, ಟೊಂಯ್. ಆ ಟೊಂಯ್ ಅಂದದ್ದು ಸಡಿಲ. ಅದಕ್ಕೆ ಚಾಕ್ ಗುರುತು. ಸಣ್ಣ ಸ್ವರಭೇದವನ್ನೂ ಕಡೆಗಣಿಸಬೇಡಿ: ಸ್ವರ ಹತ್ತರಲ್ಲಿ ಒಂದು ಪಾಲು ಇಳಿದಿದ್ದರೆ ಬಿಗಿ ಹತ್ತರಲ್ಲಿ ಎರಡು ಪಾಲು ಇಳಿದಿದೆ ಅಂತ ಲೆಕ್ಕ.

ಸ್ವರ ಸಮ ಇದೆಯೇ ಅಂತ ಕಿವಿ ಹೇಳುತ್ತದೆ, ಒಟ್ಟಾರೆ ಸಾಕಷ್ಟು ಬಿಗಿ ಇದೆಯೇ ಅಂತ ಹೇಳಲು ಹೋಲಿಸುವುದಕ್ಕೆ ಒಂದು ಒಳ್ಳೆಯ ಚಕ್ರ ಬೇಕು. ಅದೇ ಅಳತೆಯ ಒಳ್ಳೆಯ ಸೈಕಲ್ ಇರುವ ಗೆಳೆಯರ ಮನೆಗೆ ಹೋಗಿ, ಮೀಟಿ, ಫೋನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಚಹಾವೂ ಸಿಗುತ್ತದೆ.

ಗಾಳಿ ಹಾಕಿದ ಮೇಲೆ ಸ್ವರ ಇಳೀತು. ಸಡಿಲ ಆಯ್ತಾ?

ಗಾಳಿ ತುಂಬಿದ ಟಯರ್ ರಿಮ್ಮನ್ನು ಸುತ್ತಲಿಂದ ಒಳಕ್ಕೆ ಅಮುಕುತ್ತದೆ, ಕಡ್ಡಿಯ ಬಿಗಿ ತುಸು ಇಳಿಯುತ್ತದೆ. ಸಪೂರ ಟಯರ್, ಜಾಸ್ತಿ ಗಾಳಿ ಇದ್ದಲ್ಲಿ ಚೆನ್ನಾಗಿ ಕೇಳುತ್ತದೆ. ತಪ್ಪೇನಿಲ್ಲ. ಹೋಲಿಸುವಾಗ ಎರಡು ಚಕ್ರವೂ ಗಾಳಿ ಇದ್ದದ್ದು ಅಥವಾ ಎರಡೂ ಇಲ್ಲದ್ದು ಆಗಿರಲಿ.

ಹಿಂದಿನ ಚಕ್ರದಲ್ಲಿ ಎರಡು ಕಡೆ ಸ್ವರ ಬೇರೆ ಬೇರೆ. ಎಡದ್ದು ಟೈಟ್ ಮಾಡ್ಬೇಕಾ?

ಬೇಡ. ಫ್ರೀವೀಲಿಗೆ ಜಾಗ ಬಿಡಲು ಆ ಕಡೆಯ ಹಬ್ ಅಂಚು ಒಳಗೆ ಸರಿದಿರುತ್ತದೆ. ಅಲ್ಲಿನ ಕಡ್ಡಿ ಹೆಚ್ಚು ನೆಟ್ಟಗೆ ನಿಂತಿದೆ, ರಿಮ್ಮನ್ನು ಪಕ್ಕಕ್ಕೆ ಎಳೆಯುವ ಶಕ್ತಿ ಅದಕ್ಕೆ ಕಡಿಮೆ. ಅಗಲಕ್ಕೆ ಕಾಲೂರಿ ನಿಂತ ಎಡಗಡೆಯ ಕಡ್ಡಿಗೆ ಸರಿಸಮ ಆಗಬೇಕಾದರೆ ಇದು ಜಾಸ್ತಿ ಬಿಗಿ ಇರಲೇಬೇಕು. ಎಡಗಡೆ ಬಿಗಿ ಸುಮಾರು ಅರ್ಧದಿಂದ ಮೂರರಲ್ಲಿ ಎರಡು ಪಾಲು ಇದ್ದರೆ ಮಾಮೂಲು. ನೀವು ಎಡದ್ದನ್ನು ಸಮ ಮಾಡಲು ಹೋದರೆ ಇಡೀ ರಿಮ್ ಎಡಕ್ಕೆ ಸರಿಯುತ್ತದೆ. ಮುಂದಿನ ಚಕ್ರಕ್ಕೆ ಡಿಸ್ಕ್ ಇದ್ದರೆ ಇದೇ ಕತೆ, ಅಲ್ಲಿ ಡಿಸ್ಕ್ ಇರುವ ಎಡಗಡೆ ಹೆಚ್ಚು ಬಿಗಿ.

ಸೆಂಟರ್ ಸರಿ ಉಂಟಾ ಅಂತ ಹೇಗೆ ನೋಡುದು?

ರಿಮ್ ಬ್ರೇಕಿನ ಮುಂದಿನ ಚಕ್ರವಾದರೆ ಬಿಚ್ಚಿ, ತಿರುಗಿಸಿ ಹಾಕಿ. ಮೊದಲು ಎಡ ಶೂವಿಗೆ ಹತ್ತಿರ ಇದ್ದ ರಿಮ್ ಈಗ ಬಲ ಶೂವಿಗೆ ಹತ್ತಿರ ಆದರೆ ಸೆಂಟರ್ ತಪ್ಪಿದೆ. ಎರಡು ಸಲವೂ ಒಂದೇ ಕಡೆಗೆ ಇದ್ದರೆ ಚಕ್ರ ಸರಿ, ಫೋರ್ಕ್ ಅಥವಾ ಬ್ರೇಕ್ ನೋಡಿ. ಚಕ್ರವೇ ತಪ್ಪಿದ್ದರೆ ಸರಿಯಬೇಕಾದ ಕಡೆಯ ಎಲ್ಲ ಕಡ್ಡಿ ಕಾಲು ಸುತ್ತು ಬಿಗಿ, ಎದುರಿನ ಎಲ್ಲವೂ ಕಾಲು ಸುತ್ತು ಸಡಿಲ. ಒಂದನ್ನೂ ಬಿಡಬೇಡಿ.

ಔಟ್ ತೆಗ್ದು ಓಡಿಸಿದ್ರೆ ಟಿಂಗ್ ಟಿಂಗ್ ಶಬ್ದ. ಆಮೇಲೆ ಪುನಃ ಔಟ್.

ತಿರುಚಿಕೊಂಡ ಕಡ್ಡಿಗಳು ಬಿಚ್ಚಿಕೊಳ್ಳುವ ಶಬ್ದ ಅದು. ಇದನ್ನು ಜಗಲಿಯಲ್ಲೇ ಮುಗಿಸಿ. ದಪ್ಪ ಬಟ್ಟೆ ಹಿಡಿದು ಒಂದೇ ಕಡೆಯ, ಹೆಚ್ಚುಕಮ್ಮಿ ಸಮಾಂತರ ಇರುವ ಎರಡೆರಡು ಕಡ್ಡಿಗಳನ್ನು ಎರಡೂ ಕೈಯಲ್ಲಿ ಜೋರಾಗಿ ಹಿಂಡಿ. ಸುತ್ತಲೂ, ಎರಡೂ ಬದಿಗೆ. ಹಿಂಡಿದ ಮೇಲೆ ಔಟ್ ನೋಡಿ, ಸ್ವಲ್ಪ ಬಂದಿರುತ್ತದೆ. ಸರಿ ಮಾಡಿ, ಮತ್ತೆ ಹಿಂಡಿ. ಹಿಂಡಿದರೂ ಚಕ್ರ ಕದಲದಿದ್ದಾಗ ಕೆಲಸ ಮುಗಿಯಿತು. ಇದರಿಂದ ಕಡ್ಡಿಯ ಬಾಗು ಹಬ್ಬಿಗೆ ಸರಿಯಾಗಿ ಕೂರುತ್ತದೆ, ಬಾಳಿಕೆಯೂ ಬರುತ್ತದೆ. ಹಿಂಡಿದಾಗ ರಿಮ್ ಅಲೆಅಲೆಯಾಗಿ ಔಟ್ ಆದರೆ ಒಟ್ಟು ಬಿಗಿ ಜಾಸ್ತಿಯಾಗಿದೆ.

## ಸ್ವಲ್ಪ ಕಷ್ಟದ್ದು

ಪಡುಬಿದ್ರಿ ಹತ್ತಿರ ಒಂದು ಕಡ್ಡಿ ತುಂಡಾಯ್ತು. ಮನೆಗೆ ಹೇಗೆ ಬರುದು?

ತುಂಡಾದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿ ಕಟ್ಟಿ, ನೇತಾಡಿ ಚೈನಿಗೆ ಸಿಕ್ಕಬಾರದು. ರಿಮ್ ಬ್ರೇಕಿಗೆ ತಾಗುತ್ತಿದ್ದರೆ ಆ ಬ್ರೇಕ್ ಸಡಿಲ ಮಾಡಿ. ಕೀ ಇದ್ದರೆ ತುಂಡಾದದ್ದರ ಎರಡು ಮಗ್ಗುಲಿನ ಎದುರು ಬದಿಯ ಕಡ್ಡಿಗಳನ್ನು ಅರ್ಧರ್ಧ ಸುತ್ತು ಸಡಿಲ ಮಾಡಿ, ವಾಲುವುದು ಕಡಿಮೆಯಾಗುತ್ತದೆ. ನಿಧಾನ ಬನ್ನಿ. 36 ಕಡ್ಡಿಯ ಚಕ್ರ ಒಂದಿಲ್ಲದೆ ಮನೆ ಮುಟ್ಟುತ್ತದೆ. 20, 24 ಕಡ್ಡಿಯ ಸಪೂರ ಚಕ್ರವಾದರೆ ತಳ್ಳಿಕೊಂಡು ಬರುವುದೇ ಕ್ಷೇಮ. ಹೊಸ ಕಡ್ಡಿ ತರುವಾಗ ಹಳೆಯದರ ಎರಡು ತುಂಡೂ ಜೋಡಿಸಿ, ಬಾಗಿನ ಒಳಗಿನಿಂದ ಮರೆಯ ತುದಿಯವರೆಗೆ ಅಳೆಯಿರಿ. ಫ್ರೀವೀಲ್ ಕಡೆಯದಾದರೆ ಫ್ರೀವೀಲ್ ಬಿಚ್ಚದೆ ಹೊಸದು ಒಳಗೆ ಹೋಗುವುದಿಲ್ಲ.

ಅದೇ ಚಕ್ರದಲ್ಲಿ ಪದೇ ಪದೇ ಕಡ್ಡಿ ತುಂಡಾಗ್ತದೆ. ಟೈಟ್ ಜಾಸ್ತಿಯಾಗಿ ಅಲ್ವಾ?

ಹೆಚ್ಚಾಗಿ ಉಲ್ಟಾ, ಸಡಿಲವಾಗಿ. ತಗಡಿನ ಮುಚ್ಚಳವನ್ನು ಆಚೆ ಈಚೆ ಬಾಗಿಸುತ್ತಾ ಮುರಿಯುತ್ತೀರಲ್ಲ, ಹಾಗೆ. ಸಡಿಲ ಕಡ್ಡಿ ಪ್ರತಿ ಸುತ್ತಿನಲ್ಲೂ ಪೂರ್ತಿ ಸಪ್ಪೆಯಾಗಿ ಮತ್ತೆ ಎಳೆಯಲ್ಪಟ್ಟು, ತನ್ನ ಬಾಗಿನಲ್ಲಿ ದಣಿದು ಮುರಿಯುತ್ತದೆ. ಮೊದಲನೆಯದು ತುಂಡಾದರೆ ಅದನ್ನು ಬದಲಿಸಿ, ಇಡೀ ಚಕ್ರದ ಬಿಗಿ ಸಮ ಮಾಡಿ. ಒಂದೇ ಕಡೆಯಲ್ಲಿ ಮೂರನೆಯದೂ ಹೋಯಿತು ಅಂದರೆ ಉಳಿದವೂ ಅಷ್ಟೇ ದಣಿದಿವೆ. ಆ ಕಡೆಯ ಎಲ್ಲವನ್ನೂ ಬದಲಿಸುವುದು ಸರಿ.

ಅಜ್ಜನ ಕಾಲದ ಸೈಕಲ್. ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಕಡ್ಡಿ ಲೆಕ್ಕ ಬೇರೆ ಉಂಟಲ್ಲ?

ಸರಿಯಾಗಿಯೇ ಎಣಿಸಿದ್ದೀರಿ. 28 ಇಂಚಿನ ಆ ಕರಿ ಸೈಕಲ್ಲುಗಳಲ್ಲಿ ಮುಂದೆ 32, ಹಿಂದೆ 40. ಭಾರ ಹಿಂದೆ ಜಾಸ್ತಿ ಅಂತ. ಕ್ಯಾರಿಯರಿನಲ್ಲಿ ಅಕ್ಕಿ ಮೂಟೆ, ಮೀನಿನ ಬುಟ್ಟಿ ಎಲ್ಲ ಹೇರಿದ್ದನ್ನು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಈ ಚಕ್ರಗಳು ಕ್ಷಮಿಸುವ ಜಾತಿ. ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ. ನಿಪ್ಪಲ್ ಹಿಡಿದಿರುವುದಂತೂ ಖಂಡಿತ, ಎಣ್ಣೆಯಿಂದಲೇ ಶುರು ಮಾಡಿ.

ಯಾವಾಗ ಇದು ಆಗುದಿಲ್ಲ ಅಂತ ಬಿಡ್ಬೇಕು?

ಕಡ್ಡಿಯ ತೂತಿನ ಸುತ್ತ ರಿಮ್ಮಿನಲ್ಲಿ ಬಿರುಕು ಕಂಡರೆ ಕೀ ಕೆಳಗಿಡಿ. ರಿಮ್ ಬ್ರೇಕ್ ಉಜ್ಜಿ ಉಜ್ಜಿ ಬದಿ ಬಟ್ಟಲಿನ ಹಾಗೆ ಒಳಕ್ಕೆ ತಗ್ಗಿದ್ದರೂ ಅಷ್ಟೇ. ಬೆರಳು ಆಡಿಸಿದರೆ ತಗ್ಗು ಸಿಗುತ್ತದೆ. ಅಂಥ ರಿಮ್ಮಿನಲ್ಲಿ ಆಗುಂಬೆ ಘಾಟಿಯ 14 ತಿರುವು ಇಳಿಯುವ ಸಾಹಸ ಬೇಡ, ಟಯರಿನ ಒತ್ತಡಕ್ಕೆ ಬದಿ ಸೀಳಿಕೊಳ್ಳಬಹುದು.

ಬಿರುಕಿಲ್ಲ, ಸವೆದಿಲ್ಲ, ಆದರೂ ನೆಟ್ಟಗಾಗುವುದಿಲ್ಲ ಅನ್ನುವಾಗ ಒಂದು ಪರೀಕ್ಷೆ ಇದೆ. ವಾಲಿದ ಜಾಗದ ಕಡ್ಡಿಗಳನ್ನು ಮೀಟಿ. ನೆಟ್ಟಗೆ ಮಾಡಲು ಬಿಗಿ ಮಾಡಬೇಕಾದ ಕಡ್ಡಿ ಆಗಲೇ ಕಿರುಚುವಷ್ಟು ಬಿಗಿ ಇದ್ದು, ಸಡಿಲ ಮಾಡಬೇಕಾದದ್ದು ಆಗಲೇ ಸತ್ತ ಸ್ವರದಲ್ಲಿದ್ದರೆ ರಿಮ್ಮೇ ಬಾಗಿದೆ. ನನ್ನದೊಂದು ಚಕ್ರವನ್ನು ಒಮ್ಮೆ ಒಂದು ಅಂಗಡಿಯಲ್ಲಿ ಕೊಟ್ಟಾಗ ಇಂಥ ರಿಮ್ಮನ್ನು ಮೆಟ್ಟಿಲಿಗೆ ಬಡಿದು, ಕಡ್ಡಿ ಎಳೆದು, ಕಣ್ಣಿಗೆ ನೆಟ್ಟಗೆ ಮಾಡಿ ಕೊಟ್ಟರು. ಕಾಪು ತಲುಪುವುದರೊಳಗೆ ಎರಡು ಕಡ್ಡಿ ಹೋಯಿತು. ಹಬ್ ಚೆನ್ನಾಗಿದ್ದರೆ ರಿಮ್ ಮಾತ್ರ ಬದಲಿಸಬಹುದು, ಅಷ್ಟೇ ತೂತು, ಅದೇ ಅಳತೆಯದ್ದು. ಹಳೇ ರಿಮ್ ಎಸೆಯಬೇಡಿ. ನಮ್ಮ ಅಂಗಳದಲ್ಲಿ ಒಂದರ ಮೇಲೆ ಈಗ ಬಸಳೆ ಬಳ್ಳಿ ಹಬ್ಬಿದೆ.